ನಂಬಿಗಸ್ತನಾದ ದೂತನು: ಹ್ಯಾರಿ ಹಾಪ್ಕಿನ್ಸನ ಜೀವಿತ

ರಾಜ್ಯಗಳ ಒಡಂಬಡಿಕೆಗಳಿಗೆ ಅರಸರೂ ಮಂತ್ರಿಗಳೂ ರುಜು ಹಾಕುತ್ತಾರೆ. ಆದರೆ ರುಜುವಿಗಿಂತ ಮೊದಲು ಮನುಷ್ಯನು ಮನುಷ್ಯನನ್ನು ನಂಬಬೇಕಾಗಿದೆ. ಆ ನಂಬಿಕೆಯನ್ನು ಹುಟ್ಟಿಸುವ ಸೇವೆಯನ್ನು ಕೈಕೊಂಡ ಒಬ್ಬ ರೋಗಿಷ್ಠನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಹ್ಯಾರಿ ಹಾಪ್ಕಿನ್ಸನು 1890ನೆಯ ಇಸವಿಯಲ್ಲಿ ಅಮೆರಿಕ ದೇಶದ ಅಯೋವಾ ಸೀಮೆಯಲ್ಲಿ ಹುಟ್ಟಿದನು. ತಂದೆಯು ಕುದುರೆಗಳ ಜೀನು ಮೊದಲಾದ ಚರ್ಮದ ಸಾಮಾನು ಮಾಡುವವನು. ತಾಯಿಯು ಮೆಥೊಡಿಸ್ಟ್ ಸಭೆಯ ಭಕ್ತಿವಂತಳು. 1912ರಲ್ಲಿ ವಿದ್ಯೆ ಮುಗಿಸಿದ ಮೇಲೆ ಆತನು ನ್ಯೂಯಾರ್ಕ್ ಪಟ್ಟಣದ ಬಡವರ ಕೇರಿಗಳಲ್ಲಿ ಸೇವೆಮಾಡಿದನು. ದೇಶಕ್ಕೆ ಮಹಾ ದಾರಿದ್ರ್ಯ ಉಂಟಾದಾಗ ಅಧ್ಯಕ್ಷನಾದ ರೂಸ್‌ವೆಲ್ಟನು ಆತನನ್ನು ಕರೆಯಿಸಿ, ಲಕ್ಷಾಂತರ ಮಂದಿಗೆ ಕೆಲಸ ಕೊಡುವ ಭಾರವನ್ನು ಒಪ್ಪಿಸಿದನು. 1937ರಲ್ಲಿ ಹೊಟ್ಟೆಯ ಕ್ಯಾನ್ಸರ್ ರೋಗದ ನಿಮಿತ್ತ ಆತನ ಜಠರದ ಹೆಚ್ಚು ಭಾಗವನ್ನು ಕೊಯ್ದು ತೆಗೆದರು. ಅಂದಿನಿಂದ ಆತನ ಶರೀರವು ಬಲಗೊಳ್ಳಲೇ ಇಲ್ಲ.

1940ರಲ್ಲಿ ಫ್ರಾನ್ಸ್ ದೇಶವು ಜರ್ಮನರ ವಶವಾಗಲಾಗಿ ಬ್ರಿಟನ್ ದೇಶವು ಬಹು ಇಕ್ಕಟ್ಟಿಗೆ ಸಿಕ್ಕಿತು. ಆಯುಧಗಳನ್ನು ಕೊಳ್ಳುವುದಕ್ಕೆ ಹಣವೂ ತೀರುತ್ತಾ ಬಂತು. ಅಮೆರಿಕವು ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಕೊಟ್ಟ ಆಯುಧಗಳು ಶತ್ರುವಿನ ಕೈಸೇರಬಹುದೆಂದು ಅಲ್ಲಿ ಅನೇಕರು ಅಂಜುತ್ತಿದ್ದರು. ಆಗ ರೂಸ್‌ವೆಲ್ಟನು ಯಾವ ಉದ್ಯೋಗವೂ ಪದವಿಯೂ ಇಲ್ಲದಿದ್ದ ಹಾಪ್ಕಿನ್ಸನನ್ನೇ ತನ್ನ ಸ್ವಂತ ದೂತನಾಗಿ ಆರಿಸಿ, 1941ರ ಜನವರಿಯಲ್ಲಿ ಲಂಡನ್ನಿಗೆ ಕಳುಹಿಸಿದನು.

ಆತನು ಸುಮಾರು ಒಂದು ತಿಂಗಳು ಪ್ರಧಾನಮಂತ್ರಿಯಾದ ಚರ್ಚಿಲನ ಸಂಗಡ ಉಂಡು, ತಿರುಗಾಡಿ, ಬಾಂಬು ಬಿದ್ದ ಪಟ್ಟಣಗಳನ್ನೂ ಯುದ್ಧದ ಹಡಗುಗಳನ್ನೂ ನೋಡಿದನು. ಛಳಿಯ ದೆಸೆಯಿಂದ ಮನೆಯೊಳಗೂ ಮೇಲಂಗಿಯನ್ನು ಬಿಚ್ಚದೆ ಕೂತು, ಏನು ಬೇಕು, ಎಷ್ಟು ಬೇಕು ಎಂದು ನೇರವಾಗಿ ವಿಚಾರಿಸಿದನು. ಗ್ಲಾಸ್ಗೋ ಪಟ್ಟಣದ ಒಂದು ಭೋಜನದಲ್ಲಿ ಎದ್ದುನಿಂತು, ರೂತಳು ತನ್ನ ಅತ್ತೆಯಾದ ನೊವೊಮಿಯನ್ನು ಬಿಡದೆ ಹಿಂಬಾಲಿಸುವೆನೆಂದು ಮಾಡಿದ ಪ್ರತಿಜ್ಞೆಯನ್ನು ಮೆಲ್ಲಗೆ ಉಚ್ಚರಿಸಿದನು. ಚರ್ಚಿಲನ ಕಣ್ಣುಗಳಲ್ಲಿ ನೀರು ತುಂಬಿತು.

ಬ್ರಿಟನಿನ ಜನರು ಶರಣಾಗುವವರಲ್ಲವೆಂದು ಆತನು ತನ್ನ ಅಧ್ಯಕ್ಷನಿಗೆ ತಿಳಿಸಿದನು. ಮಾರ್ಚ್ 11ರಲ್ಲಿ, ಆಯುಧಗಳನ್ನು ಎರವಲಾಗಿಯೂ ಗೇಣಿಯಾಗಿಯೂ ಕೊಡುವ ಕಾನೂನು ಆಯಿತು. ಯುದ್ಧವು ಮುಗಿಯುವಷ್ಟರಲ್ಲಿ ಅದರ ಮೂಲಕ ಮಿತ್ರರಾಜ್ಯಗಳಿಗೆ ಸಂದದ್ದು ಸುಮಾರು 5,000 ಕೋಟಿ ಡಾಲರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿತು.

ಅದೇ ಜುಲೈಯಲ್ಲಿ ಆತನು ವಿಮಾನವೇರಿ ರಷ್ಯಕ್ಕೆ ಹೋಗಿ ಸ್ಟಾಲಿನನನ್ನು ಕಂಡನು. ಔಷಧಗಳನ್ನು ಮಾಸ್ಕೋದಲ್ಲಿ ಮರೆತುಬಂದು ಸಾಯುವವನಂತಾದರೂ, ಬಳಿಕ ಹಡಗಿನಲ್ಲಿ ಚರ್ಚಿಲನ ಜೊತೆಗೆ ಸಮುದ್ರ ದಾಟಿ, ಆಗಸ್ಟಿನಲ್ಲಿ ಇಬ್ಬರು ಮುಖಂಡರ ಭೇಟಿಗೆ ಸಾಕ್ಷಿಯಾದನು. 1944ರ ಫೆಬ್ರವರಿಯಲ್ಲಿ 18 ವರುಷದ ಆತನ ಮಗನು ಯುದ್ಧದಲ್ಲಿ ಮಡಿದನು. ತಂದೆಯು ದುಃಖವನ್ನು ಹೊತ್ತುಕೊಂಡೇ ದುಡಿದು, 1946ರ ಜನವರಿ 29ರಂದು ತನ್ನ 55ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಹಾಪ್ಕಿನ್ಸನು ಬೋಧಕನಲ್ಲ, ಲೋಕದ ವಿನೋದಗಳನ್ನು ಬಿಟ್ಟವನೂ ಅಲ್ಲ. ಆದರೂ ಕಂಡದ್ದನ್ನು ಕೂಡಿಸದೆ ಕಳೆಯದೆ ಹೇಳಿದನು. ಸೊಲೊಮೋನನು ನಂಬಿಗಸ್ತನಾದ ದೂತನನ್ನು ಸುಗ್ಗಿಯ ಕಾಲದ ತಂಪಿಗೆ ಹೋಲಿಸಿದ್ದಾನಲ್ಲವೇ? ಎರಡು ಮನೆಗಳ ನಡುವೆಯಾಗಲಿ ಎರಡು ಸಭೆಗಳ ನಡುವೆಯಾಗಲಿ ಮಾತನ್ನು ಒಯ್ಯುವವರಾದ ನಾವು, ಚಾಡಿಯನ್ನು ಬಿಟ್ಟು ಸತ್ಯವನ್ನೇ ಒಯ್ಯುವೆವೋ? ಕರ್ತನು ನಮ್ಮನ್ನು ಅಂಥ ದೂತರನ್ನಾಗಿ ಮಾಡಲಿ.