ಪ್ರೊಫೆಸರ್ ಪ್ರಶಾಂತಚಂದ್ರ ಮಹಾಲನೋಬಿಸ್

ಮಲಬಾರ್ ಹಿಲ್ಲಿನಲ್ಲಿ ಅಗೆದರೆ ಕರಿಬಂಡೆ. ಶಿವಡಿಯ ಕಡಲಂಚಿನಲ್ಲಿ ಕಾಲಿಟ್ಟರೆ ಕೆಸರು. ನಮ್ಮ ಮುಂಬಯಿಯಲ್ಲಿಯೇ ನೆಲವು ಇಷ್ಟು ಬಗೆಯಾಗಿರುವಾಗ, ಒಂದು ಪ್ರಾಂತದ ಭೂಮಿಯನ್ನೆಲ್ಲ ಕೆಲವೇ ತುಣುಕುಗಳಿಂದ ಅರಿಯುವುದು ಸಾಧ್ಯವೇ? ಸಾಧ್ಯವೆಂದು ತೋರಿಸಿಕೊಟ್ಟ ಮಹನೀಯರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮಹಾಲನೋಬಿಸರು 1893ನೆಯ ಜೂನ್ 29ರಂದು ಕಲಕತ್ತೆಯಲ್ಲಿ ಜನಿಸಿದರು. ಕೇಂಬ್ರಿಜ್ಜಿನಲ್ಲಿ ಭೌತಶಾಸ್ತ್ರವನ್ನು ಓದಿ 1915ರಲ್ಲಿ ಸ್ವದೇಶಕ್ಕೆ ಹೊರಟಾಗ, ಯುದ್ಧದ ದೆಸೆಯಿಂದ ಹಡಗು ತಡವಾಯಿತು. ಆ ಬಿಡುವಿನಲ್ಲಿ ಕಣ್ಣಿಗೆ ಬಿದ್ದ ‘ಬಯೋಮೆಟ್ರಿಕ’ ಎಂಬ ಪತ್ರಿಕೆಯ ಸಂಪುಟಗಳನ್ನು ಕೊಂಡು ಹಡಗಿನಲ್ಲಿಯೇ ಓದತೊಡಗಿದರು. ಭೌತಶಾಸ್ತ್ರದ ಅಧ್ಯಾಪಕರಾಗಿದ್ದೂ ಸಂಖ್ಯಾಶಾಸ್ತ್ರಕ್ಕೆ ಮನಸೋತುದು ಹೀಗೆ.

1926ರಲ್ಲಿ ಒರಿಸ್ಸಾದ ಬ್ರಾಹ್ಮಣೀ ನದಿಯು ಉಕ್ಕಿ ಹರಿಯಿತು. ನದಿಯ ತಳವು ಏರಿರುವುದರಿಂದ ಒಡ್ಡುಗಳನ್ನು ಎತ್ತರಿಸಬೇಕೆಂದು ಎಂಜಿನಿಯರರು ಅಭಿಪ್ರಾಯಪಟ್ಟಿದ್ದರು. ಮಹಾಲನೋಬಿಸರು ಸುಮಾರು 60 ವರ್ಷಗಳ ಲೆಕ್ಕಗಳನ್ನು ಪರಿಶೀಲಿಸಿ, ತಳವು ಏರಿಲ್ಲವೆಂದೂ ನೀರನ್ನು ಮೇಲ್ಗಡೆಯಲ್ಲಿಯೇ ಅಣೆಕಟ್ಟುಗಳಿಂದ ತಡೆಯಬೇಕೆಂದೂ ನಿರ್ಣಯಿಸಿದರು.

1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಮೇಲೆ, 1937ರಿಂದ ಬಂಗಾಳದ ಸೆಣಬಿನ ಬೆಳೆಯನ್ನು ಅಳೆಯುವ ಕಾರ್ಯವನ್ನು ಕೈಗೊಂಡರು. ಹೊಲಹೊಲವನ್ನೂ ಎಣಿಸುವುದು ಬಹು ದುಬಾರಿ. ಆದುದರಿಂದ ಚೀಟಿ ಎತ್ತಿದಂತೆ ದೊರೆತ ಎಡೆಗಳಲ್ಲಿ ಚಿಕ್ಕ ಚೌಕಗಳನ್ನು ನಕ್ಷೆಯ ಮೇಲೆ ಗುರುತಿಸಿ, ಅಷ್ಟನ್ನೇ ಅಳೆಯಿಸಿದರು. ನೆರೆಯ ಹೊಲಗಳು ಒಡಹುಟ್ಟಿದವರಂತೆ ಒಂದನ್ನೊಂದು ಹೋಲುತ್ತವೆ. ಒಂದೇ ಎಡೆಯ ದೊಡ್ಡ ಚೌಕಕ್ಕಿಂತ, ಅಷ್ಟೇ ನೆಲವುಳ್ಳ ಚದುರಿದ ಚಿಕ್ಕ ಚೌಕಗಳು ಹೆಚ್ಚಿನ ಸಂಗತಿಯನ್ನು ತಿಳಿಸುತ್ತವೆ. ಒಂದೆಡೆಯ ಅಳತೆ ಎಷ್ಟು ಮೋಸಗೊಳಿಸೀತೆಂಬುದನ್ನು ಮುಂಬಯಿಯವರಿಗೆ ಹೇಳಬೇಕಾಗಿಲ್ಲ: 2005ರ ಜುಲೈ 26ರ ಮಳೆ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್, ಕೊಲಾಬಾದಲ್ಲಿ ಕೇವಲ 73! ಆದರೆ ಚೌಕಗಳು ಚದುರಿದಷ್ಟೂ ಅಲೆದಾಟದ ಖರ್ಚು ಏರುತ್ತದೆ. ಚೌಕದ ಗಾತ್ರಕ್ಕೂ ಎಣಿಕೆಯ ದೋಷಕ್ಕೂ ಖರ್ಚಿಗೂ ಇರುವ ಸಂಬಂಧವನ್ನು ಅವರು ಸೂತ್ರಗಳಲ್ಲಿ ಹಿಡಿದಿಟ್ಟರು. ಅಳೆಯುವವರ ತಪ್ಪನ್ನು ಕಂಡುಹಿಡಿಯಲು ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆಬೇರೆಯಾಗಿ ಕಳುಹಿಸಿ, ಎರಡೂ ಲೆಕ್ಕಗಳನ್ನು ತೂಗಿ ನೋಡುತ್ತಿದ್ದರು.

ಎಲ್ಲವೂ ನಿರ್ವಿವಾದವಾಗಿರಲಿಲ್ಲ. ಇಳುವರಿಯನ್ನು ತಿಳಿಯಲು ತೀರ ಚಿಕ್ಕ ತುಣುಕಿನ ಪೈರನ್ನು ಕೊಯ್ದರೆ ಅಂಚಿನ ಗಿಡಗಳೂ ಸೇರಿ ಲೆಕ್ಕ ಹೆಚ್ಚುತ್ತದೆಂದು ಪಾಂಡುರಂಗ ಸುಖಾತ್ಮೆಯವರು ಆಕ್ಷೇಪಿಸಿದರು. ಈ ಆಕ್ಷೇಪವು ನಮಗೂ ನ್ಯಾಯವಾಗಿಯೇ ತೋರುತ್ತದೆ.

1945ರಲ್ಲಿ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು. 1950ರಲ್ಲಿ ಆರಂಭವಾದ ರಾಷ್ಟ್ರೀಯ ನಮೂನೆ ಸಮೀಕ್ಷೆಯೂ ಅವರ ಪ್ರಯತ್ನದ ಫಲವೇ. 1972ನೆಯ ಜೂನ್ 28ರಂದು, 79 ವರ್ಷಗಳು ತುಂಬುವ ಹಿಂದಿನ ದಿನ, ಅವರು ಕಲಕತ್ತೆಯಲ್ಲಿ ಕಾಲವಾದರು.