ಗುಣಕವನ್ನು ಪ್ರಶ್ನಿಸಿದ ವಿ.ಕೆ.ಆರ್.ವಿ. ರಾವ್

ಹೊಸಪೇಟೆ, ಕಂಪ್ಲಿಯ ಕಾಲೇಜುಗಳಲ್ಲಿ ಗುಣಕದ ಪಾಠ ಮಾಡುವ ನಮ್ಮ ಪ್ರಶಿಕ್ಷಣಾರ್ಥಿಗಳು ನೇರವಾಗಿ ಕಪ್ಪುಹಲಗೆಯ ಮೇಲೆ ಸೂತ್ರ ಬರೆದುಬಿಡುತ್ತಾರೆ. ಆ ಸೂತ್ರ ನಮ್ಮ ದೇಶಕ್ಕೆ ಹೊಂದುವುದೇ ಎಂದು ಕೇಳಿದವರು ಸ್ವತಃ ಕೇನ್ಸ್ ಅವರ ವಿದ್ಯಾರ್ಥಿ. 1967ರಿಂದ 1977ರವರೆಗೆ ಬಳ್ಳಾರಿಯ ಲೋಕಸಭಾ ಸದಸ್ಯರು. ಇದನ್ನು ತರಗತಿಯಲ್ಲಿ ಹೇಳಿದವರನ್ನು ನಾನು ಕಂಡಿಲ್ಲ.

ವಿ.ಕೆ.ಆರ್.ವಿ. ರಾವ್ ಹುಟ್ಟಿದ್ದು 1908ರಲ್ಲಿ, ಕಾಂಚೀಪುರದಲ್ಲಿ. ಮುಂಬಯಿಯಲ್ಲಿ ಓದಿ ಕೇಂಬ್ರಿಜ್‌ಗೆ ಹೋದರು. ಅಲ್ಲಿ ಕೈಗೆತ್ತಿಕೊಂಡದ್ದು ಭಾರತದ ರಾಷ್ಟ್ರೀಯ ವರಮಾನದ ಲೆಕ್ಕ. ಅಂಕಿಅಂಶಗಳೇ ಸರಿಯಾಗಿ ಸಿಗದ ಕಾಲವದು. ಕೃಷಿ, ಗಣಿಗಾರಿಕೆಗಳಿಗೆ ಉತ್ಪನ್ನ ವಿಧಾನ, ವ್ಯಾಪಾರ, ಸೇವೆಗಳಿಗೆ ವರಮಾನ ವಿಧಾನ ಎಂದು ಎರಡನ್ನೂ ಬೆರೆಸಿ 1931-32ರ ಅಂದಾಜು ಸಿದ್ಧಪಡಿಸಿದರು.

1952ರ ಅವರ ಲೇಖನವೇ ಇಲ್ಲಿ ಮುಖ್ಯ. ಹೂಡಿಕೆ ಹೆಚ್ಚಿದರೆ ವರಮಾನ ಹಲವು ಪಟ್ಟು ಬೆಳೆಯುತ್ತದೆ ಎಂದು ಕೇನ್ಸ್ ಹೇಳಿದ್ದು ಕಾರ್ಖಾನೆಗಳು ಕೆಲಸವಿಲ್ಲದೆ ನಿಂತಿದ್ದ, ಕೂಲಿಗೆ ಜನ ಕಾದಿದ್ದ ದೇಶಗಳನ್ನು ಕಂಡು. ನಮ್ಮಲ್ಲಿ ನಿರುದ್ಯೋಗ ಹೊಲದಲ್ಲೇ ಮರೆಯಾಗಿರುತ್ತದೆ: ಇಬ್ಬರ ಕೆಲಸವನ್ನು ಮನೆಯ ನಾಲ್ವರು ಹಂಚಿಕೊಂಡಿರುತ್ತಾರೆ. ಕಂಪ್ಲಿಯ ಒಬ್ಬ ಭತ್ತದ ರೈತನನ್ನೇ ಊಹಿಸಿಕೊಳ್ಳಿ. ಅವನ ಕೈಗೆ ನಾಲ್ಕು ಕಾಸು ಹೆಚ್ಚು ಬಂದರೆ ಮೊದಲು ಮನೆಯವರು ಹೊಟ್ಟೆತುಂಬ ಉಣ್ಣುತ್ತಾರೆ. ಮಾರುಕಟ್ಟೆಗೆ ಹೋಗುವ ಚೀಲ ಕಡಿಮೆಯಾಗುತ್ತದೆ. ಬೇಡಿಕೆ ಏರಿತೆಂದು ಭತ್ತ ತಿಂಗಳೊಪ್ಪತ್ತಿನಲ್ಲಿ ಬೆಳೆಯುವುದಿಲ್ಲ. ಹೀಗಾಗಿ ಉತ್ಪನ್ನದ ಬದಲು ಬೆಲೆ ಏರುತ್ತದೆ. ಉದಾಹರಣೆ ನನ್ನದು, ವಾದ ರಾವ್ ಅವರದು. ಬರೀ ಹಣ ಸುರಿದರೆ ಬಡತನ ಹೋಗದು, ಬೇಸಾಯ ಬೆಳೆಯಬೇಕು, ಜನ ಉಳಿತಾಯ ಮಾಡಬೇಕು ಎಂಬ ಅವರ ನಿಲುವಿಗೆ ಇದೇ ಆಧಾರ. ರೈತ ಮನೆಗಳ ಮಕ್ಕಳಿರುವ ತರಗತಿಯಲ್ಲಿ ಸೂತ್ರಕ್ಕಿಂತ ಮೊದಲು ಈ ಪ್ರಶ್ನೆ ಕೇಳಿ ನೋಡಿ.

ಅವರು ಕಟ್ಟಿದ ಸಂಸ್ಥೆಗಳು ಕಡಿಮೆಯಲ್ಲ: 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ. ನಡುವೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿ, ಯೋಜನಾ ಆಯೋಗದ ಸದಸ್ಯ, ಬಳ್ಳಾರಿಯಿಂದ ಗೆದ್ದ ಮೇಲೆ ಕೇಂದ್ರ ಸಚಿವ. ಸಂಡೂರಿನ ಗಣಿ, ತುಂಗಭದ್ರೆಯ ಕಾಲುವೆ ಎರಡೂ ಇದ್ದ ಜಿಲ್ಲೆ ಅರ್ಥಶಾಸ್ತ್ರಜ್ಞನೊಬ್ಬನಿಗೆ ಸಿಕ್ಕಿದ್ದು ಯೋಗಾಯೋಗವೇ ಸರಿ.

ಶಿಕ್ಷಣ ಸಚಿವರಾಗಿ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟವರೂ ಅವರೇ. ಹಂಪಿಯಲ್ಲಿ ಎನ್ನೆಸ್ಸೆಸ್ ಶಿಬಿರ ಹೂಡಿ ಕಸ ಗುಡಿಸಿ ಬಂದ ನಮ್ಮ ಎಷ್ಟೋ ಮಂದಿಗೆ ಈ ಹೆಸರು ಗೊತ್ತಿಲ್ಲ. 1974ರಲ್ಲಿ ಪದ್ಮವಿಭೂಷಣ ಬಂತು. 1991ರ ಜುಲೈನಲ್ಲಿ ತೀರಿಕೊಂಡರು. ಭಾರತದ ಆರ್ಥಿಕ ಸುಧಾರಣೆಯ ಬಜೆಟ್ ಮಂಡನೆಯಾದದ್ದೂ ಅದೇ ತಿಂಗಳು.