ಆಟದ ಹುಚ್ಚಿನಿಂದ ರಾಜ್ಯ ಕಳೆದುಕೊಂಡರೇ ಮುಮ್ಮಡಿ ಒಡೆಯರು?

ಗೇಮ್ ಡಿಸೈನರ್ ಅಂದರೆ ಕಂಪ್ಯೂಟರ್ ಮುಂದೆ ಕೂತವರೇ ಆಗಬೇಕಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹೊಸ ಹಲಗೆಯಾಟ, ಎಲೆಯಾಟಗಳನ್ನು ಕಟ್ಟಿದವರು. ಆಟದಲ್ಲಿ ಮುಳುಗಿ ರಾಜ್ಯವನ್ನೇ ಕಳೆದುಕೊಂಡರು ಎನ್ನುವವರೂ ಇದ್ದಾರೆ. ನಿಜವೇ? ಇಸವಿಗಳನ್ನು ನೋಡೋಣ.

1799ರಲ್ಲಿ ಟಿಪ್ಪು ಮಡಿದ ಮೇಲೆ, ಐದು ವರ್ಷವೂ ತುಂಬದ ಹುಡುಗನನ್ನು ಬ್ರಿಟಿಷರು ಪಟ್ಟಕ್ಕೆ ಕೂರಿಸಿದರು. 1830ರಲ್ಲಿ ನಗರದ ಕಡೆ ರೈತರು ದಂಗೆ ಎದ್ದರು. ದುರಾಡಳಿತದ ಆರೋಪ ಹೊರಿಸಿ 1831ರಲ್ಲಿ ಆಡಳಿತ ಕಿತ್ತುಕೊಂಡರು. ದುಂದುವೆಚ್ಚದ ದೂರು ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆಟಗಳ ಹೆಚ್ಚಿನ ಕೆಲಸ ನಡೆದದ್ದು ಆಮೇಲೆ. ನಮ್ಮ ಪುತ್ತೂರು, ಸುಳ್ಯದ ಕಡೆಯೂ ಅದೇ ಕಾಲದಲ್ಲಿ ಕಂಪನಿಯ ಕೈ ಬಿಗಿಯಾಯಿತು. 1834ರಲ್ಲಿ ಈ ಸೀಮೆಯನ್ನು ಕೊಡಗಿನಿಂದ ಬಿಡಿಸಿ ಕೆನರಾಕ್ಕೆ ಸೇರಿಸಿದರು, 1837ರಲ್ಲಿ ಸುಳ್ಯದವರು ಬಂಡೆದ್ದರು. ಮೈಸೂರಿನ ಅರಸರು ಬಂಡೇಳಲಿಲ್ಲ. ರಾಜ್ಯ ಮರಳಿಸಿ ಎಂದು ಮನವಿ ಬರೆಯುತ್ತಾ, ಆಟ ಕಟ್ಟುತ್ತಾ ಮೂವತ್ತೇಳು ವರ್ಷ ಕಳೆದರು.

ಅವರಿಗೆ ಅಚ್ಚುಮೆಚ್ಚಾದದ್ದು ಚದುರಂಗದ ಕುದುರೆ. 64 ಮನೆಗಳಿಗೂ ಕುದುರೆ ಒಮ್ಮೊಮ್ಮೆ ಮಾತ್ರ ಹೋಗಬೇಕು. ಮೂಲೆಯ ಮನೆಯಿಂದ ಅದಕ್ಕೆ ಎರಡೇ ದಾರಿ, ನಡುವಿನಿಂದ ಎಂಟು. ಹಾಗಾಗಿ ಮೂಲೆಗಳನ್ನು ಮರೆತರೆ ಕೊನೆಗೆ ಸಿಕ್ಕಿಬೀಳುತ್ತೇವೆ. ಹೊರಟ ಮನೆಗೇ ಮರಳುವ ಸುತ್ತುಗಳು 13 ಲಕ್ಷ ಕೋಟಿಗೂ ಹೆಚ್ಚು ಎಂದು ಈಗ ಕಂಪ್ಯೂಟರ್ ಎಣಿಸಿದೆ. ಆದರೂ ಕೈಯಲ್ಲಿ ಒಂದನ್ನು ಹುಡುಕಿ ನೋಡಿ! ಅರಸರು ಸುತ್ತು ಹುಡುಕಿದ್ದಷ್ಟೇ ಅಲ್ಲ, ಮನೆಮನೆಗೂ ಒಂದೊಂದು ಅಕ್ಷರ ಇಟ್ಟು, ಕುದುರೆ ನಡೆದಂತೆ ಶ್ಲೋಕ ಮೂಡುವ ಹಾಗೆ ಮಾಡಿದರು.

ಎಲೆಯಾಟದಲ್ಲಿ ಮಾತ್ರ ಅತಿ ಮಾಡಿದರು ಅನ್ನಿಸುತ್ತದೆ. ಅವರ ಚಾಮುಂಡೇಶ್ವರಿ ಛಾದಿನಲ್ಲಿ 16 ಬಣ್ಣ, ಒಟ್ಟು 320 ಎಲೆಗಳು. ನಮ್ಮ ಇಸ್ಪೀಟು ಕಟ್ಟಿನಲ್ಲಿ 52. ಅಷ್ಟು ಎಲೆ, ಅಷ್ಟು ನಿಯಮ ನೆನಪಿಟ್ಟು ಆಡುವವರು ಅರಮನೆಯ ಹೊರಗೆ ಎಷ್ಟು ಜನ ಸಿಕ್ಕಾರು? ಆಟಿ ತಿಂಗಳ ಮಳೆಯಲ್ಲಿ ಪುತ್ತೂರು, ಕಡಬದ ಜಗಲಿಗಳಲ್ಲಿ ಆಡುತ್ತಿದ್ದ ಚೆನ್ನೆಮಣೆಗೆ 14 ಗುಳಿ, ಗುಳಿಗೆ ನಾಲ್ಕು ಕಾಯಿ ಸಾಕಿತ್ತು.

ಶ್ರೀತತ್ವನಿಧಿ ಗ್ರಂಥದ ಒಂಬತ್ತನೆಯ ಭಾಗ ಕೌತುಕನಿಧಿ. ಅರಸರ ಎಲೆಯಾಟಗಳ ವಿವರ ಅದರಲ್ಲಿದೆ. ಹಲಗೆಯಾಟದ ಮನೆಗಳನ್ನು 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಬರೆಸಿದ್ದಾರೆ. ರಾಜ್ಯ ಮರಳಿ ಸಿಕ್ಕಿದ್ದು 1881ರಲ್ಲಿ, ದತ್ತುಮಗನ ಕೈಗೆ.